ಓಡುವಾಗ ಪಕ್ಕೆ ಚುಚ್ಚುತ್ತದೆ, ಏನು ಮಾಡುವುದು?

ಆಫೀಸ್ ಮುಗಿಸಿ ಮರೀನ್ ಡ್ರೈವ್‌ನಲ್ಲಿ ಓಡುವಾಗ ಬಲಪಕ್ಕೆ ಹಿಡಿದುಕೊಳ್ಳುತ್ತದೆ ಅಂತ ಕೇಳಿದ್ದೀರಿ. ಹೆದರಬೇಡಿ, ಓಡುವವರಲ್ಲಿ ಇದು ತುಂಬಾ ಸಾಮಾನ್ಯ. ಕಾರಣ ಇದೇ ಅಂತ ಇನ್ನೂ ಖಚಿತವಾಗಿಲ್ಲ. ಹೊಟ್ಟೆಯ ಒಳಗೋಡೆಯ ತೆಳು ಪೊರೆ ಉಜ್ಜಿ ಕೆರಳುತ್ತದೆ ಅನ್ನುವ ವಿವರಣೆ ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಹೊಟ್ಟೆ ತುಂಬಿದ್ದಾಗ ನೋವು ಜಾಸ್ತಿ ಅಲ್ವಾ? ಕೆಲವರಿಗೆ ಭುಜದ ತುದಿಯೂ ನೋಯುತ್ತದೆ. ಇವೆರಡೂ ಆ ವಿವರಣೆಗೆ ಹೊಂದುತ್ತವೆ.

ಓಟಕ್ಕೆ ಮುಂಚೆ ಏನು ತಿನ್ನುತ್ತೀರಿ ಅಂತ ಮೊದಲು ನೋಡಿ. ಮಾಟುಂಗಾದಲ್ಲಿ ಮಸಾಲೆ ದೋಸೆ ಹೊಡೆದು ಬಂದಿದ್ದರೆ 2-3 ಗಂಟೆ ಬಿಟ್ಟು ಓಡಿ. ಕಬ್ಬಿನ ಹಾಲು, ಪ್ಯಾಕೆಟ್ ಜ್ಯೂಸ್ ಓಟಕ್ಕೆ ಮುಂಚೆ ಬೇಡವೇ ಬೇಡ. ಸಕ್ಕರೆ ಜಾಸ್ತಿ ಇದ್ದಷ್ಟೂ ಪಕ್ಕೆ ಹಿಡಿಯುವುದು ಹೆಚ್ಚು. ಮುಂಬೈ ಸೆಕೆಗೆ ನೀರಂತೂ ಬೇಕೇ ಬೇಕು, ಆದರೆ ಗಟಗಟ ಕುಡಿಯಬೇಡಿ, ಗುಟುಕು ಗುಟುಕಾಗಿ ಕುಡಿಯಿರಿ. ಮೊದಲ 10 ನಿಮಿಷ ನಿಧಾನವಾಗಿ ಓಡಿ, ಬೆನ್ನು ಗೂನು ಮಾಡಬೇಡಿ.

ನೋವು ಶುರುವಾದರೆ ಸುಮ್ನೆ ಹಲ್ಲು ಕಚ್ಚಿ ಓಡಬೇಡಿ. ನಡೆಯಿರಿ. ಚುಚ್ಚುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು, ಸ್ವಲ್ಪ ಮುಂದಕ್ಕೆ ಬಾಗಿ, ಉಸಿರನ್ನು ಪೂರ್ತಿ ಹೊರಗೆ ಬಿಡಿ. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ನಿಂತ ಮೇಲೂ ನೋವು ಹೋಗದಿದ್ದರೆ ಅಥವಾ ಎದೆ ಬಿಗಿದಂತಾದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.