ಒಳ್ಳೆಯ ಹೆಸರು ಮತ್ತು ಅಡಿಕೆಯ ಚೀಲ

ಪ್ರಶ್ನೆ: ಬದಿಯಡ್ಕದಲ್ಲಿ ನನಗೊಂದು ಅಡಿಕೆ ಅಂಗಡಿ ಇದೆ. ಒಳ್ಳೆಯ ಅಡಿಕೆಯ ಚೀಲದ ನಡುವೆ ಪಟೋರ, ಕರಿಗೋಟು ಎಂಬ ಕೀಳು ದರ್ಜೆಯ ಅಡಿಕೆ ಸೇರಿಸಿ ಕಳುಹಿಸೋಣವೆಂದು ಪಾಲುದಾರರು ಒತ್ತಾಯಿಸುತ್ತಿದ್ದಾರೆ. ಸಾಲವಿದೆ. ದೇವರನ್ನು ನಂಬಿ ಕುಳಿತರೆ ಸಾಕೇ?
– ಓದುಗರೊಬ್ಬರು, ಕಾಸರಗೋಡು ಜಿಲ್ಲೆ

ಉತ್ತರ: ಕುಳಿತರೆ ಸಾಲದು. ಬೈಬಲಿನ ಜ್ಞಾನೋಕ್ತಿಗಳು 22:1 ಬಹಳ ಐಶ್ವರ್ಯಕ್ಕಿಂತ ಒಳ್ಳೆಯ ಹೆಸರೇ ಮೇಲೆಂದು ಹೇಳುತ್ತದೆ. ಅದೇ ಗ್ರಂಥದ 11:1 ಮೋಸದ ತಕ್ಕಡಿಯನ್ನು ದೇವರು ಹೇಸುತ್ತಾನೆ ಎನ್ನುವುದರಿಂದ, ನಿಮ್ಮ ಅಂಗಡಿಯ ಪ್ರಶ್ನೆಗೆ ಅಲ್ಲಿ ನೇರ ಉತ್ತರವೇ ಇದೆ. ಅಡಿಕೆಯನ್ನು ಅಂಗೈಯಲ್ಲಿ ಒಡೆದು ನೋಡುವ ಖರೀದಿದಾರ ಒಮ್ಮೆ ಮೋಸಹೋದರೆ, ಮುಂದೆ ನಿಮ್ಮ ಚೀಲವನ್ನಷ್ಟೇ ಅಲ್ಲ, ನಿಮ್ಮ ಮಾತನ್ನೂ ಒಡೆದು ನೋಡುತ್ತಾನೆ.

ಆದರೆ ಪ್ರಾಮಾಣಿಕನಿಗೆ ಹೆಸರು ತಾನಾಗಿ ಉಳಿಯುತ್ತದೆಂದು ನಾನು ಭರವಸೆ ಕೊಡಲಾರೆ. ಬೈಬಲಿನ ಕಥೆಯಲ್ಲಿ, ಐಗುಪ್ತದ ಅಧಿಕಾರಿ ಪೋಟೀಫರನ ಹೆಂಡತಿಯ ಸುಳ್ಳು ದೂರಿನಿಂದ ಅವನ ಮನೆಯ ದಾಸ ಯೋಸೇಫನು ಹೆಸರು ಕೆಡಿಸಿಕೊಂಡು ಸೆರೆಮನೆ ಸೇರಿದನು. ಅಲ್ಲಿ ಅವನಿಂದ ಕನಸಿನ ಅರ್ಥ ತಿಳಿದುಕೊಂಡ ಜೊತೆ ಸೆರೆಯಾಳು, ಅರಸನಿಗೆ ದ್ರಾಕ್ಷಾರಸ ಕೊಡುವ ಪಾನದಾಯಕನೂ ಬಿಡುಗಡೆಯಾದ ಬಳಿಕ ಅವನನ್ನು ಮರೆತದ್ದರಿಂದ ಇನ್ನೂ 2 ವರ್ಷ ಅಲ್ಲೇ ಕಳೆಯಬೇಕಾಯಿತು. ಆ ಅವಧಿಯಲ್ಲೂ ಅವನು ವಹಿಸಿದ ಕೆಲಸವನ್ನು ನೆಟ್ಟಗೆ ಮಾಡಿದನು. ದೇವರನ್ನು ನಂಬು, ಸ್ವಬುದ್ಧಿಯನ್ನೇ ಆಧಾರ ಮಾಡಿಕೊಳ್ಳಬೇಡ ಎಂಬ ಜ್ಞಾನೋಕ್ತಿಗಳು 3:5ರ ಬುದ್ಧಿವಾದವನ್ನು, ಕೈಕಟ್ಟಿ ಕೂರುವುದಕ್ಕೆ ಪರವಾನಗಿಯೆಂದು ಓದುವವರೂ ಇದ್ದಾರೆ, ಇರಲಿ.

ನೀವು ಪಟೋರವನ್ನು ಪಟೋರವೆಂದೇ ಚೀಲದ ಮೇಲೆ ಬರೆದು ಅದರ ಧಾರಣೆಗೇ ಮಾರಿರಿ, ಸಾಲ ಕೊಟ್ಟವರ ಬಳಿ ಹೋಗಿ ಸಮಯ ಕೇಳಿರಿ; ಪಾಲುದಾರರು ಒಪ್ಪದಿದ್ದರೆ ಲೆಕ್ಕ ಮುಗಿಸಿ ಬೇರೆಯಾಗಿರಿ.