ಡಿಲ್ಲಾ ಆಲ್ಬಮ್ ಮೂಲೆ ಸೇರಿದ್ದು ಯಾಕೆ?

ಅಮೆರಿಕದ ಹಿಪ್-ಹಾಪ್ ಕಲಾವಿದ ಜೆ ಡಿಲ್ಲಾನ 'ದಿ ಡೈರಿ' ಆಲ್ಬಮ್ ಚೆನ್ನಾಗಿಲ್ಲದ್ದಕ್ಕೇ ಎಂಸಿಎ ಅನ್ನೋ ರೆಕಾರ್ಡ್ ಕಂಪನಿ (ಲೇಬಲ್) ಅದನ್ನು ಬದಿಗಿಟ್ಟಿತಾ ಅಂತ ಕೇಳಿದ್ದೀರಿ. ನನಗಂತೂ ಹಾಗನ್ನಿಸುವುದಿಲ್ಲ.

ಡಿಲ್ಲಾ ಅಂದರೆ ಬೀಟ್, ಅಂದರೆ ರ‍್ಯಾಪ್ ಹಿಂದಿನ ಸಂಗೀತ, ಮಾಡುವವನು, ಅಲ್ವಾ? ಈ ಆಲ್ಬಮ್‌ನಲ್ಲಿ ಅವನು ಮೈಕ್ ಹಿಡಿದು ರ‍್ಯಾಪ್ ಮಾಡಿದ. ಎಷ್ಟೋ ಹಾಡುಗಳಿಗೆ ಬೀಟ್ ಕೊಟ್ಟವರು ಮ್ಯಾಡ್‌ಲಿಬ್, ಪೀಟ್ ರಾಕ್, ನಾಟ್ಜ್‌ನಂಥವರು. ಬೀಟ್‌ಗೆ ಹೆಸರಾದವನೇ ಬೇರೆಯವರ ಬೀಟ್ ಮೇಲೆ ರ‍್ಯಾಪ್ ಮಾಡಿದರೆ ಅದನ್ನು ಮಾರುವುದು ಹೇಗೆ ಅಂತ ಲೇಬಲ್‌ನವರು ತಲೆ ಕೆರೆದುಕೊಂಡಿರಬೇಕು. ಇದು ನನ್ನ ಊಹೆ, ಬಿಡಿ. ಅಷ್ಟರಲ್ಲಿ ಎಂಸಿಎಯ ಕಾಲೇ ಅಲುಗಾಡುತ್ತಿತ್ತು; 2003ರಲ್ಲಿ ಅದು ಗೆಫೆನ್ ಅನ್ನೋ ಇನ್ನೊಂದು ಲೇಬಲ್ ಒಳಗೆ ಕರಗಿಹೋಯಿತು. ಡಿಲ್ಲಾನ ಡೆಟ್ರಾಯಿಟ್ ಗೆಳೆಯರಾದ ಫ್ರಾಂಕ್-ಎನ್-ಡ್ಯಾಂಕ್ ಅನ್ನೋ ರ‍್ಯಾಪ್ ಜೋಡಿಗೆ ಅವನೇ ಬೀಟ್ ಮಾಡಿಕೊಟ್ಟಿದ್ದ ಆಲ್ಬಮ್ಮೂ ಎಂಸಿಎಯಲ್ಲೇ ಧೂಳು ಹಿಡಿಯಿತು. ಅಂದಮೇಲೆ ತಪ್ಪು ಒಂದು ಆಲ್ಬಮ್‌ನದ್ದಲ್ಲ.

ಡಿಲ್ಲಾ ಸುಮ್ನೆ ಕೂರಲಿಲ್ಲ. ಅದೇ 2003ರಲ್ಲಿ 'ರಫ್ ಡ್ರಾಫ್ಟ್' ಅನ್ನೋ ರೆಕಾರ್ಡನ್ನು ತಾನೇ ಹೊರತಂದ. ಶುರುವಿನಲ್ಲೇ, ಇದು ನೇರ ಕ್ಯಾಸೆಟ್‌ನಿಂದ ಬಂದ ಹಾಗೆ ಕೇಳಬೇಕು ಅನ್ನುತ್ತಾನೆ. ಲೇಬಲ್ ಮೇಲಿನ ಸಿಟ್ಟೆಲ್ಲ ಅಲ್ಲೇ ಇದೆ ಅನ್ನಿಸುತ್ತದೆ.

'ದಿ ಡೈರಿ' ಬಂದಿದ್ದು 2016ರಲ್ಲಿ, ಅವನು ತೀರಿಕೊಂಡು ಹತ್ತು ವರ್ಷಕ್ಕೆ. ಮೊದಲು 'ರಫ್ ಡ್ರಾಫ್ಟ್' ಕೇಳಿ, ಆಮೇಲೆ ಇದನ್ನು ಹಾಕಿ.