ಟರ್ಪೆಂಟೈನ್ ಕುಡಿದ ಮಗುವಿಗೆ ವಾಂತಿ ಮಾಡಿಸಬೇಡಿ

ನಿಮ್ಮ ಎರಡು ವರ್ಷದ ಮಗ ನೀರಿನ ಬಾಟಲಿಯಲ್ಲಿದ್ದ ಟರ್ಪೆಂಟೈನ್ ಬಾಯಿಗೆ ಹಾಕಿಕೊಂಡಿದ್ದ, ಪುಣ್ಯಕ್ಕೆ ಏನೂ ಆಗಲಿಲ್ಲ, ಮುಂದೆ ಹೀಗಾದರೆ ವಾಂತಿ ಮಾಡಿಸಲು ಏನು ಕೊಡಬೇಕು, ಯಾವ ವಿಷಕ್ಕೆ ಯಾವ ಮದ್ದು ಮನೆಯಲ್ಲಿ ಇಟ್ಟಿರಬೇಕು ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನ್ನ ಕೈ ತಣ್ಣಗಾಯಿತು. ನಾನು ವಾಂತಿ ಮಾಡಿಸಿದವನು.

ನನ್ನದು ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಪೇಂಟಿಂಗ್ ಶೆಡ್ಡು. ಗೇಟು, ಗ್ರಿಲ್ಲು, ಮಷೀನುಗಳ ಹೊರಮೈಗೆ ಬಣ್ಣ ಹೊಡೆಯುವ ಕೆಲಸ. ಮನೆ ಲಗ್ಗೆರೆಯಲ್ಲಿ. 2014ರಲ್ಲಿ ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ ಮನೆಯ ಗೇಟಿಗೂ ಒಂದು ಕೋಟು ಎನಾಮಲ್ ಹೊಡೆಯೋಣ ಅಂತ ಶೆಡ್ಡಿನಿಂದ ಅರ್ಧ ಲೀಟರ್ ಟರ್ಪೆಂಟೈನ್ ತಂದೆ. ತಂದಿದ್ದು ನೀರಿನ ಖಾಲಿ ಬಾಟಲಿಯಲ್ಲಿ. ಬ್ರಶ್ ತೊಳೆದು, ಬಾಟಲಿ ಮೆಟ್ಟಿಲ ಮೇಲಿಟ್ಟು, ಫೋನ್ ಬಂತು ಅಂತ ಒಳಗೆ ಹೋದೆ. ಎರಡು ನಿಮಿಷ ಆಗಿರಬಹುದು. ಮಗನಿಗೆ ಆಗ 2 ವರ್ಷ 4 ತಿಂಗಳು.

ಕೆಮ್ಮು ಕೇಳಿಸಿತು. ನೆಗಡಿಯ ಕೆಮ್ಮಲ್ಲ, ಊಟ ಮಾಡುವಾಗ ನೆತ್ತಿಗೆ ಹತ್ತಿದರೆ ಬರುತ್ತಲ್ಲ, ಆ ಕೆಮ್ಮು. ಓಡಿ ಬಂದೆ. ಬಾಟಲಿ ಉರುಳಿತ್ತು, ಅಂಗಿಯ ಎದೆಭಾಗ ಒದ್ದೆ, ಬಾಯಲ್ಲಿ ಟರ್ಪೆಂಟೈನ್ ವಾಸನೆ. ಹೆಂಡತಿ "ಆಟೋ ಕರೀರಿ, ಆಟೋ ಕರೀರಿ" ಅಂತ ಕೂಗುತ್ತಿದ್ದಳು. ಎದುರು ಮನೆ ಅಜ್ಜಿ "ಉಪ್ಪು ನೀರು ಕುಡಿಸಪ್ಪ, ಎಲ್ಲಾ ಕಕ್ಕಿಬಿಡ್ತಾನೆ" ಅಂದರು. ನಾನು ಹೆಂಡತಿಯ ಮಾತು ಬಿಟ್ಟು ಅಜ್ಜಿಯ ಮಾತು ಕೇಳಿದೆ. "ಮೊದಲು ಹೊರಗೆ ಬರಲಿ ತಡಿ" ಅಂದಿದ್ದು ನಾನೇ. ಲೋಟದಲ್ಲಿ ಉಪ್ಪು ಕದಡಿ ಕುಡಿಸಿದೆ. ಬರಲಿಲ್ಲ ಅಂತ ಗಂಟಲಿಗೆ ಬೆರಳು ಹಾಕಿದೆ. ಎರಡು ಸಲ ವಾಂತಿ ಆಯಿತು. ಬೆಳಗ್ಗೆ ತಿಂದ ಇಡ್ಲಿಯ ಜೊತೆ ಆ ವಾಸನೆ. ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ? ಗೆದ್ದೆ ಅಂದುಕೊಂಡೆ.

ಹತ್ತು ನಿಮಿಷದಲ್ಲಿ ಮಗುವಿನ ಮೂಗಿನ ಹೊಳ್ಳೆ ಅರಳಲು ಶುರುವಾಯಿತು. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು.

ಹತ್ತಿರದ ನರ್ಸಿಂಗ್ ಹೋಮಿಗೆ ಓಡಿದೆವು. ಅಲ್ಲಿದ್ದ ಡಾಕ್ಟರ್ ಮೇಡಂ ಮಗುವಿನ ಹೊಟ್ಟೆಯ ಮೇಲೆ ಕೈಯಿಟ್ಟು, ಗಡಿಯಾರ ನೋಡುತ್ತಾ ಉಸಿರು ಎಣಿಸಿದರು. ನಿಮಿಷಕ್ಕೆ 64. ಆ ವಯಸ್ಸಿಗೆ 40 ದಾಟಿದರೇನೇ ಜಾಸ್ತಿ.

"ಏನಾದ್ರೂ ಕುಡಿಸಿದ್ರಾ?"

"ಉಪ್ಪು ನೀರು ಮೇಡಂ."

"ವಾಂತಿ ಆಯ್ತಾ?"

"ಎರಡು ಸಲ ಮೇಡಂ. ಚೆನ್ನಾಗಿ ಆಯ್ತು."

ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಬೈಯಲಿಲ್ಲ. "ಆಕ್ಸಿಜನ್ ಹಾಕಿ, ದೊಡ್ಡಾಸ್ಪತ್ರೆಗೆ ಕಳಿಸಬೇಕು" ಅಂತ ನರ್ಸ್‌ಗೆ ಹೇಳಿದರು. ಆ ನೋಟ ಇವತ್ತಿಗೂ ಕಣ್ಣ ಮುಂದಿದೆ.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಆದರೂ ಪೂರ್ತಿ ಓದಿ.

ವಿಷ ಅಂದರೆ ಹೊಟ್ಟೆಯಲ್ಲಿ ಕೂತು ಕೊಲ್ಲುವಂಥದ್ದು, ಹೊರಗೆ ಬಂದರೆ ಬದುಕಿದೆವು ಅಂತ ನಮ್ಮ ತಲೆಯಲ್ಲಿ ಕೂತಿದೆ. ಟರ್ಪೆಂಟೈನ್ ವಿಷಯದಲ್ಲಿ ಇದು ಪೂರಾ ಉಲ್ಟಾ. ಪೇಂಟಿಗೆ ಬೆರೆಸುವ ಟರ್ಪೆಂಟೈನ್ ಪೆಟ್ರೋಲಿಯಂನಿಂದ ಬರುವುದು, ಸೀಮೆಎಣ್ಣೆಯ ತಮ್ಮ ಇದ್ದ ಹಾಗೆ. ಹೊಟ್ಟೆಗೆ ಹೋದ ಒಂದೆರಡು ಗುಟುಕು ರಕ್ತಕ್ಕೆ ಸೇರುವುದು ಕಡಿಮೆ, ಹೆಚ್ಚಿನ ಹಾನಿ ಮಾಡದೆ ಹೋಗಿಬಿಡುತ್ತೆ. ಅದರ ಅಪಾಯ ಇರುವುದು ಶ್ವಾಸಕೋಶದಲ್ಲಿ. ನೆತ್ತಿಗೆ ಹತ್ತಿತು ಅಂತೀವಲ್ಲ, ತಲೆ ತಟ್ಟುತ್ತೀವಲ್ಲ, ಅದು ಹತ್ತುವುದು ನೆತ್ತಿಗಲ್ಲ, ಶ್ವಾಸನಾಳಕ್ಕೆ. ಮಗ ಮೊದಲ ಸಲ ಕೆಮ್ಮಿದಾಗಲೇ ಸ್ವಲ್ಪ ಒಳಗೆ ಹೋಗಿತ್ತು. ಹೊಟ್ಟೆಯಲ್ಲಿ ಸುಮ್ನೆ ಬಿದ್ದಿದ್ದ ಉಳಿದದ್ದನ್ನು ನಾನು ಬೆರಳು ಹಾಕಿ ಮತ್ತೆ ಗಂಟಲಿಗೆ ತಂದೆ. ಅದೂ ಅಳುತ್ತಾ, ಏದುಸಿರು ಬಿಡುತ್ತಾ ಇದ್ದ ಮಗುವಿಗೆ. ಒಂದು ಸಲ ಅಲ್ಲ, ಎರಡು ಸಲ.

ನನ್ನ ಕೆಲಸದಲ್ಲೇ ಇದರ ಉತ್ತರ ಇತ್ತು. ಸ್ಪ್ರೇ ಮಾಡುವ ಮುಂಚೆ ಪೇಂಟು ಎಷ್ಟು ತೆಳುವಾಗಿದೆ ಅಂತ ತಳದಲ್ಲಿ ತೂತಿರುವ ಫೋರ್ಡ್ ಕಪ್ಪಿನಲ್ಲಿ ನೋಡುತ್ತೇವೆ. ಕಪ್ಪು ತುಂಬಿ, ಖಾಲಿಯಾಗಲು ಎಷ್ಟು ಸೆಕೆಂಡ್ ಅಂತ ಎಣಿಸುತ್ತೇವೆ. ಹದವಾದ ಪೇಂಟು 20 ಸೆಕೆಂಡ್ ಆಸುಪಾಸು ತೆಗೆದುಕೊಳ್ಳುತ್ತೆ. ಬರೀ ಟರ್ಪೆಂಟೈನ್ ಹಾಕಿದರೆ ಅದರ ಅರ್ಧ ಹೊತ್ತಿಗೆ ಕಪ್ಪು ಖಾಲಿ. ತಗಡಿನ ಮೇಲೆ ಒಂದು ಹನಿ ನೀರು ಬಿಟ್ಟರೆ ಮಣಿಯ ಹಾಗೆ ನಿಲ್ಲುತ್ತೆ. ಒಂದು ಹನಿ ಟರ್ಪೆಂಟೈನ್ ಬಿಟ್ಟರೆ ಬಿಟ್ಟ ಕ್ಷಣವೇ ಅಂಗೈ ಅಗಲ ಹರಡುತ್ತೆ. ಶ್ವಾಸಕೋಶದ ಒಳಗೂ ಅದು ಹಾಗೇ ಹರಡುವುದು. ಅಲ್ಲಿರುವ ಗಾಳಿಯ ಪುಟ್ಟ ಚೀಲಗಳು ಮುದುರಿಕೊಳ್ಳದ ಹಾಗೆ ಒಂದು ತೆಳು ಪದರ ಕಾಯುತ್ತಿರುತ್ತೆ, ಅದನ್ನೇ ಇದು ಕೆಡಿಸುತ್ತೆ. ಚೀಲಗಳು ಮುದುರಿದರೆ ಗಾಳಿ ಎಲ್ಲಿಗೆ ಹೋಗಬೇಕು ಹೇಳಿ. ಹದಿನೈದು ವರ್ಷ ಆ ಕಪ್ಪು ಹಿಡಿದವನಿಗೆ ಇದು ಹೊಳೆಯಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ತೆಗೆದ ಮೊದಲ ಎಕ್ಸ್‌ರೇ ಹೆಚ್ಚುಕಮ್ಮಿ ಸರಿಯಾಗಿಯೇ ಇತ್ತು. ಆರು ಗಂಟೆ ಬಿಟ್ಟು ತೆಗೆದಾಗ ಬಲಗಡೆ ಕೆಳಭಾಗ ಬೆಳ್ಳಗಾಗಿತ್ತು. ರಾತ್ರಿ ಜ್ವರ ಏರಿತು. "ಹೊಟ್ಟೆ ತೊಳೆಯಲ್ವಾ ಸರ್" ಅಂತ ಕೇಳಿದೆ. ತೊಳೆದರೆ ಮತ್ತೆ ಶ್ವಾಸಕೋಶಕ್ಕೆ ಹೋಗುವ ಭಯ ಅಂದರು. "ಆಂಟಿಬಯಾಟಿಕ್ ಆದ್ರೂ ಕೊಡಿ" ಅಂತ ಅಂಗಲಾಚಿದೆ. ಇದು ಕ್ರಿಮಿಯಿಂದ ಬಂದ ನ್ಯುಮೋನಿಯಾ ಅಲ್ಲ, ರಾಸಾಯನಿಕದಿಂದ ಆದ ಉರಿ, ಸೋಂಕು ಸೇರಿಕೊಂಡರೆ ಮಾತ್ರ ಕೊಡ್ತೀವಿ ಅಂದರು. ಟರ್ಪೆಂಟೈನ್‌ಗೆ ಪ್ರತಿಮದ್ದೇ ಇಲ್ಲ. ಆಕ್ಸಿಜನ್ ಕೊಟ್ಟು ಕಾಯಬೇಕು, ಅಷ್ಟೇ. ಆರು ದಿನ ಕಾದೆವು. ಹಬ್ಬ ಆಸ್ಪತ್ರೆಯ ಕಾರಿಡಾರಿನಲ್ಲೇ ಕಳೆಯಿತು. ಮಗ ಉಳಿದ. ಒಂದು ವರ್ಷ ನೆಗಡಿ ಬಂದಾಗಲೆಲ್ಲ ಎದೆ ಗೊರಗೊರ ಅನ್ನುತ್ತಿತ್ತು, ಈಗ ಚೆನ್ನಾಗಿದ್ದಾನೆ.

ಉಪ್ಪು ನೀರಿನ ಬಗ್ಗೆ ಇನ್ನೊಂದು ಮಾತು. ಅದೇ ಒಂದು ವಿಷ. ಚಿಕ್ಕ ಮಗುವಿಗೆ ಉಪ್ಪು ಜಾಸ್ತಿಯಾದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ವಾಂತಿ ಮಾಡಿಸಲೆಂದೇ ಇಪೆಕಾಕ್ ಅನ್ನುವ ಸಿರಪ್ ಒಂದು ಕಾಲದಲ್ಲಿ ಅಮೆರಿಕದ ಮನೆಮನೆಯಲ್ಲಿ ಇರುತ್ತಿತ್ತು. 2003ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಸಂಘವೇ ಅದನ್ನು ಮನೆಯಲ್ಲಿ ಬಳಸಬೇಡಿ ಅಂತ ಹೇಳಿತು.

ಈಗ ನಿಮ್ಮ ಪಟ್ಟಿಯ ವಿಷಯ. ಅಂಥ ಪಟ್ಟಿ ಬೇಡವೇ ಬೇಡ. ಒಂದೊಂದು ವಿಷದ ದಾರಿ ಒಂದೊಂದು. ಟಾಯ್ಲೆಟ್ ತೊಳೆಯುವ ಆಸಿಡ್ ಇಳಿಯುವಾಗಲೂ ಸುಡುತ್ತೆ, ವಾಂತಿ ಮಾಡಿಸಿದರೆ ಹತ್ತುವಾಗಲೂ ಸುಡುತ್ತೆ. ದೇವರ ಮನೆಯ ಕರ್ಪೂರ ಕಲ್ಲುಸಕ್ಕರೆಯ ಹಾಗೆ ಕಾಣುತ್ತೆ, ಒಂದು ಗ್ರಾಂ ಆಸುಪಾಸು ಹೋದರೂ ಪುಟ್ಟ ಮಗುವಿಗೆ ಫಿಟ್ಸ್ ಬರಬಹುದು. ಜ್ವರದ ಪ್ಯಾರಸಿಟಮಾಲ್ ಜಾಸ್ತಿಯಾದರೆ ಮೊದಲ ದಿನ ಮಗು ಆರಾಮಾಗಿ ಆಡಿಕೊಂಡೇ ಇರುತ್ತೆ, ಅಷ್ಟರಲ್ಲಿ ಲಿವರ್ ಹಾಳಾಗುತ್ತಿರುತ್ತೆ. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಅಂತ ಒಳ್ಳೆಯ ಮದ್ದಿದೆ, 8 ಗಂಟೆಯೊಳಗೆ ಸಿಕ್ಕರೆ ಹೆಚ್ಚುಕಡಿಮೆ ಎಲ್ಲರನ್ನೂ ಕಾಪಾಡುತ್ತೆ. ಆದರೆ ಅದು ಆಸ್ಪತ್ರೆಯಲ್ಲಿ ತೂಕ ನೋಡಿ, ರಕ್ತ ಪರೀಕ್ಷೆ ಮಾಡಿ ಕೊಡುವಂಥದ್ದು. 1981ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿದ್ದ ಮೆಥನಾಲ್ ಅನ್ನುವ ವಿಷದ ಸಾರವನ್ನು ನಮ್ಮ ಲಿವರ್ರೇ ಫಾರ್ಮಿಕ್ ಆಸಿಡ್ ಮಾಡುತ್ತೆ, ಕಣ್ಣು ಕಳೆಯುವುದು, ಕೊಲ್ಲುವುದು ಅದು. ಲಿವರ್ ಆ ಕೆಲಸಕ್ಕೆ ಕೈ ಹಾಕದಂತೆ ತಡೆಯಲು ಡಾಕ್ಟರುಗಳು ಎಥನಾಲನ್ನೇ, ಅಂದರೆ ಮಾಮೂಲಿ ಮದ್ಯದ ಸಾರವನ್ನೇ, ಅಳೆದು ಕೊಡುವುದುಂಟು. ಇದನ್ನೆಲ್ಲ ಮನೆಯ ಕಪಾಟಿನಲ್ಲಿ ಇಟ್ಟುಕೊಂಡು ಏನು ಮಾಡುತ್ತೀರಿ?

ಮುಂದೆ ಮಗು ಟರ್ಪೆಂಟೈನ್ ಕುಡಿದರೆ ಹಾಲು, ಮೊಟ್ಟೆ, ಹುಣಸೆ ನೀರು ಯಾವುದೂ ಬೇಡ. ಬಾಯಿ ಒರೆಸಿ. ಒದ್ದೆಯಾದ ಬಟ್ಟೆ ಬಿಚ್ಚಿ ಮೈ ಸೋಪು ಹಾಕಿ ತೊಳೆಯಿರಿ, ಟರ್ಪೆಂಟೈನ್ ಚರ್ಮವನ್ನೂ ಸುಡುತ್ತೆ. ಮಗು ಕೆಮ್ಮುತ್ತಿದ್ದರೆ, ಉಸಿರು ಜೋರಾಗಿದ್ದರೆ, ಮಂಪರು ಬಂದಿದ್ದರೆ ತೊಳೆಯುತ್ತಾ ಕೂರಬೇಡಿ, ಬಟ್ಟೆ ಬಿಚ್ಚಿ ಹೊರಡಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ಬಾಟಲಿ ಜೊತೆಗೇ ತೆಗೆದುಕೊಂಡು ಹೋಗಿ. ಎಷ್ಟು ಗಂಟೆಗೆ ಆಯಿತು ಅಂತ ನೆನಪಿಟ್ಟುಕೊಳ್ಳಿ. ಏನೂ ಆಗಿಲ್ಲ ಅನ್ನಿಸಿದರೂ ಆರು ಗಂಟೆ ಡಾಕ್ಟರ ಕಣ್ಣ ಮುಂದೆ ಇರಲಿ. ನಿಮ್ಮ ಮಗನಿಗೆ ಏನೂ ಆಗಲಿಲ್ಲ ಅಂದಿರಲ್ಲ, ಅವನು ಕೆಮ್ಮಲಿಲ್ಲ, ನೀವು ವಾಂತಿ ಮಾಡಿಸಲಿಲ್ಲ. ಉಳಿಸಿದ್ದು ಬಹುಶಃ ಅದೇ.

ಮದ್ದು ಹುಡುಕುವ ಬದಲು ಇವತ್ತೇ ಆ ಬಾಟಲಿ ಮನೆಯಿಂದ ಹೊರಗೆ ಹಾಕಿ. ನನ್ನ ಶೆಡ್ಡಿನ ಹುಡುಗರು ಯಾರಾದರೂ ಮನೆಗೆ ಸ್ವಲ್ಪ ಟರ್ಪೆಂಟೈನ್ ಬೇಕು ಅಂದರೆ ನೀರಿನ ಬಾಟಲಿಗೆ ಹಾಕಿಕೊಡುವುದಿಲ್ಲ, ಸೀಲ್ ಇರುವ ಡಬ್ಬಿಯನ್ನೇ ಕೊಡುತ್ತೇನೆ. ಮತ್ತೆ, ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ. 1800 116 117, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ನನ್ನ ಹೆಂಡತಿಯ ಫೋನಿನಲ್ಲಿ, ಅತ್ತೆಯ ಫೋನಿನಲ್ಲಿ, ಎದುರು ಮನೆ ಅಜ್ಜಿಯ ಮಗನ ಫೋನಿನಲ್ಲಿ ಅದು "ವಿಷ" ಅನ್ನುವ ಹೆಸರಲ್ಲಿ ಸೇವ್ ಆಗಿದೆ.